ಛಲವಿಲ್ಲವೆಂದು ಬೈಯುವ ಮುನ್ನ

ತುಮಕೂರು ರಸ್ತೆಯ ಲಾರಿಗಳ ಸದ್ದು ಏರುವುದಕ್ಕೆ ಮೊದಲೇ ಬೆಳಗಿನ ನಡಿಗೆಯನ್ನು ಮುಗಿಸಿಬಿಡುವುದು ನಿವೃತ್ತನಾದ ಮೇಲೆ ನಾನು ರೂಢಿಸಿಕೊಂಡ ಕ್ರಮ. ನಮ್ಮ ಮಾದನಾಯಕನಹಳ್ಳಿಯಲ್ಲಿ ಈಗ ನಿಶ್ಚಿಂತೆಯಿಂದ ನಡೆಯಬಹುದಾದ ಜಾಗಗಳೇ ಕಡಿಮೆ. ಗೋದಾಮುಗಳ, ಕಾರ್ಖಾನೆಗಳ, ಬಾಡಿಗೆ ವಠಾರಗಳ ನಡುವೆ ಹೇಗೋ ಉಳಿದುಕೊಂಡಿರುವ ಒಂದು ಶಾಲೆಯ ಮೈದಾನವೇ ನನ್ನಂಥವರಿಗೆ ಆಶ್ರಯ. ಕೆಲವು ದಿನಗಳ ಹಿಂದೆ ಅಲ್ಲಿ ವಲಯ ಮಟ್ಟದ ಕ್ರೀಡಾಕೂಟಕ್ಕಾಗಿ ಹೆಣ್ಣುಮಕ್ಕಳ ಅಭ್ಯಾಸ ನಡೆದಿತ್ತು. 3000 ಮೀಟರ್ ಓಟ. ಆ ಪುಟ್ಟ ಮೈದಾನದಲ್ಲಿ ಹದಿನೈದು ಸುತ್ತು. ಒಂಬತ್ತನೆಯ ಸುತ್ತಿನಲ್ಲಿ ಒಬ್ಬ ಹುಡುಗಿ ನಡೆಯತೊಡಗಿದಳು, ಹತ್ತನೆಯದರಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತೇಬಿಟ್ಟಳು. ದೈಹಿಕ ಶಿಕ್ಷಕರು ದೂರದಿಂದಲೇ ಕೂಗಿದರು: "ಏನಮ್ಮಾ, ಇಷ್ಟಕ್ಕೇ ಸುಸ್ತಾ? ಛಲಾನೇ ಇಲ್ವಲ್ಲ ನಿನಗೆ! ಮನೇಲಿ ಕೂತ್ಕೊಂಡು ಟಿ.ವಿ. ನೋಡು ಹೋಗು."

ಆ ಶಿಕ್ಷಕರು ಕೆಟ್ಟವರಲ್ಲ. ಬೆಳಗಿನ ಆರಕ್ಕೇ ಬಂದು, ತಮ್ಮ ಕೈಯಿಂದಲೇ ಗ್ಲೂಕೋಸ್ ಪುಡಿ ತಂದು, ಮಕ್ಕಳನ್ನು ಓಡಿಸುವ ತರುಣ ಅವರು. ಅಂಥವರು ಎಷ್ಟು ಜನರಿದ್ದಾರೆ? ಆದರೂ ಅವರ ಮಾತು ನನ್ನನ್ನು ಚುಚ್ಚಿತು. ಅದೇ ಮಾತನ್ನು, ಅದೇ ಧಾಟಿಯಲ್ಲಿ, ಸುಮಾರು ಮೂವತ್ತು ವರ್ಷಗಳ ಹಿಂದೆ ನಾನೂ ಆಡಿದ್ದೆ. ಹತ್ತನೆಯ ತರಗತಿಗೆ ಜೀವವಿಜ್ಞಾನ ಬೋಧಿಸುತ್ತಿದ್ದವನು ನಾನು. ಹಿಮೋಗ್ಲೋಬಿನ್ ಎಂದರೇನು ಎಂಬ ಪ್ರಶ್ನೆಗೆ ಎರಡು ಅಂಕದ ಉತ್ತರವನ್ನು ನೂರಾರು ಮಕ್ಕಳಿಂದ ಬಾಯಿಪಾಠ ಮಾಡಿಸಿದವನು. ಕಪ್ಪುಹಲಗೆಯ ಮೇಲಿದ್ದ ಆ ಪದಕ್ಕೂ ಮೈದಾನದಲ್ಲಿ ಏದುಸಿರು ಬಿಡುತ್ತಿದ್ದ ಹುಡುಗಿಗೂ ಸಂಬಂಧವಿದೆಯೆಂದು ನನಗೆ ಹೊಳೆಯಲಿಲ್ಲ. ಈ ಲೇಖನದಲ್ಲಿ ಕೋಪವೇನಾದರೂ ಕಂಡರೆ ಅದರ ಮೊದಲ ಪಾಲು ನನ್ನದೇ ಎಂದು ಓದುಗರು ತಿಳಿಯಬೇಕು.

ಆ ಹುಡುಗಿಯ ಹೆಸರು ಬೇಡ. ತೊಂಬತ್ತರ ದಶಕದ ನಡುವಿನ ಮಾತು. ಬರಿಗಾಲಿನಲ್ಲಿ ಓಡುತ್ತಿದ್ದಳು. ಎಂಟನೆಯ ತರಗತಿಯಲ್ಲಿದ್ದಾಗಲೇ ತಾಲ್ಲೂಕು ಮಟ್ಟದಲ್ಲಿ 1500 ಮೀಟರ್ ಗೆದ್ದು ಬಂದವಳು. ಒಂಬತ್ತಕ್ಕೆ ಬರುವ ಹೊತ್ತಿಗೆ ದೊಡ್ಡವಳಾದಳು, ಓಟ ಕುಸಿಯತೊಡಗಿತು. ಜಿಲ್ಲಾ ಮಟ್ಟದಲ್ಲಿ ಕೊನೆಯ ಸುತ್ತಿಗೆ ಮೊದಲೇ ಪಕ್ಕಕ್ಕೆ ಸರಿದು ಕುಳಿತುಬಿಟ್ಟಳು. ಸಿಬ್ಬಂದಿ ಕೊಠಡಿಯಲ್ಲಿ ನಾವೆಲ್ಲ ಸೇರಿ ತೀರ್ಪು ಕೊಟ್ಟೆವು: ಹುಡುಗಿಯ ಮನಸ್ಸು ಓಟದ ಮೇಲಿಲ್ಲ, ವಯಸ್ಸಿನ ಹುಡುಗಾಟ. ಇನ್ನೊಂದು ಸಂಗತಿಯೂ ಇತ್ತು. ಅವಳು ಬಳಪ ತಿನ್ನುತ್ತಿದ್ದಳು. ನನ್ನ ತರಗತಿಯಲ್ಲೇ ಮೇಜಿನ ಮೇಲಿನ ಸೀಮೆಸುಣ್ಣದ ತುಂಡುಗಳು ಮಾಯವಾಗುತ್ತಿದ್ದವು. ಒಮ್ಮೆ ಹಿಡಿದು, ಎಲ್ಲರೆದುರಿಗೆ ಬಾಯಿ ತೆರೆಸಿ, ಕೈಗೆ ಎರಡು ಏಟು ಕೊಟ್ಟೆ. ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವ ಆ ಹಂಬಲ ಕಬ್ಬಿಣದ ಕೊರತೆಯಿರುವವರಲ್ಲಿ ಕಾಣಿಸಿಕೊಳ್ಳುವ ಲಕ್ಷಣಗಳಲ್ಲೊಂದು ಎಂಬುದು ವೈದ್ಯರಿಗೆ ಬಹುಕಾಲದಿಂದ ತಿಳಿದ ವಿಷಯ. ಜೀವವಿಜ್ಞಾನದ ಮೇಷ್ಟ್ರಿಗೆ ತಿಳಿದಿರಲಿಲ್ಲ. ರೋಗಲಕ್ಷಣವೊಂದು ಎದುರಿಗೆ ಬಂದು ನಿಂತಾಗ ನಾನು ಅದಕ್ಕೆ ಬೆತ್ತದಿಂದ ಉತ್ತರ ಕೊಟ್ಟೆ.

ಬಹಳ ವರ್ಷಗಳ ತರುವಾಯ ದಾಸನಪುರದ ಮಾರುಕಟ್ಟೆಯ ಬಳಿ ಆಕೆಯೇ ನನ್ನನ್ನು ಗುರುತಿಸಿ ಮಾತನಾಡಿಸಿದಳು. ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಕೆಲಸ, ಇಬ್ಬರು ಮಕ್ಕಳು. ಮೊದಲ ಹೆರಿಗೆಯ ಸಮಯದಲ್ಲಿ ರಕ್ತ ಆರು ಗ್ರಾಂಗೆ ಇಳಿದು, ಎರಡು ಬಾಟಲಿ ರಕ್ತ ಕೊಟ್ಟು ಉಳಿಸಿದರಂತೆ. ಓಟದ ಮಾತು ಬಂದಾಗ ನಕ್ಕು ಹೇಳಿದಳು: "ಸಾರ್, ಆಗ ನಂಗೆ ಶಾಲೆ ಮೆಟ್ಲು ಹತ್ತಿದ್ರೂ ಎದೆ ಡವಡವ ಅಂತಿತ್ತು. ಹೇಳಿದ್ರೆ ಟೀಮಿಂದ ತೆಗೆದುಬಿಡ್ತೀರಿ ಅಂತ ಹೇಳ್ಲಿಲ್ಲ." ಅಂದು ಕೊಂಡ ತರಕಾರಿಯ ಚೀಲವನ್ನು ಬಸ್ಸಿನಲ್ಲೇ ಮರೆತು ಮನೆಗೆ ಬಂದೆ.

ಈಗ ವಿಷಯಕ್ಕೆ ಬರೋಣ. ನನ್ನ ವಾದ ಇಷ್ಟೇ: ನಮ್ಮ ಹೆಣ್ಣುಮಕ್ಕಳ ದೂರದ ಓಟದಲ್ಲಿ ನಾವು 'ಛಲ' ಎಂಬ ಹೆಸರಿನಲ್ಲಿ ಅಳೆಯುತ್ತಿರುವುದು ಎಷ್ಟೋ ಬಾರಿ ರಕ್ತದಲ್ಲಿರುವ ಕಬ್ಬಿಣವನ್ನು. ಅಳೆಯಬೇಕಾದ ಉಪಕರಣವನ್ನು ಬದಿಗಿಟ್ಟು ಬೈಗುಳದಿಂದ ಅಳೆಯುತ್ತಿದ್ದೇವೆ. ರಕ್ತವನ್ನು ಪರೀಕ್ಷಿಸದೆ ಒಬ್ಬ ಹುಡುಗಿಯನ್ನು 1500, 3000 ಮೀಟರ್‌ಗೂ ಗುಡ್ಡಗಾಡು ಓಟಕ್ಕೂ ಇಳಿಸುವುದನ್ನು ಶಿಕ್ಷಣ ಇಲಾಖೆಯೂ ಕ್ರೀಡಾ ಇಲಾಖೆಯೂ ನಿಲ್ಲಿಸಬೇಕು.

ಇದು ಭಾವುಕತೆಯ ಮಾತಲ್ಲ, ಹೈಸ್ಕೂಲಿನ ಲೆಕ್ಕ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರಬಲ್ಲದು. 100 ಮಿಲಿಲೀಟರ್ ರಕ್ತದಲ್ಲಿ 13 ಗ್ರಾಂ ಹಿಮೋಗ್ಲೋಬಿನ್ ಇರುವ ಹುಡುಗಿಯ ಒಂದು ಲೀಟರ್ ರಕ್ತ ಸುಮಾರು 174 ಮಿಲಿಲೀಟರ್ ಆಮ್ಲಜನಕವನ್ನು ಹೊರುತ್ತದೆ. 10 ಗ್ರಾಂ ಇರುವವಳದು 134. ಹೆಚ್ಚುಕಡಿಮೆ ಕಾಲು ಭಾಗ ಖೋತಾ! ಪಕ್ಕದ ಹುಡುಗಿ ನಾಲ್ಕು ಬಿಂದಿಗೆ ನೀರು ಸೇದುವ ಹೊತ್ತಿಗೆ ಇವಳು ಮೂರೇ ಸೇದಲು ಸಾಧ್ಯ. ಹೃದಯ ಎಷ್ಟು ಬಡಿದುಕೊಂಡರೂ ಹಗ್ಗದ ತುದಿಯ ಕೊಡವೇ ಚಿಕ್ಕದು. ಇವಳಿಗೆ ಛಲವಿಲ್ಲವೆನ್ನುವವರು ಒಮ್ಮೆ ಯೋಚಿಸಲಿ. ಮುಕ್ಕಾಲು ಪಾಲು ಉಸಿರಿನಲ್ಲಿ ಒಂಬತ್ತು ಸುತ್ತು ಓಡಿದವಳ ಛಲ ಹೆಚ್ಚೋ, ತುಂಬು ಉಸಿರಿನಲ್ಲಿ ಹದಿನೈದು ಓಡಿದವಳದೋ?

ದೈಹಿಕ ಶಿಕ್ಷಕರನ್ನು ದಾರಿ ತಪ್ಪಿಸುವ ಒಂದು ಸಂಗತಿ ಇಲ್ಲಿದೆ. ರಕ್ತ ಕಡಿಮೆಯಿರುವ ಹುಡುಗಿ 100 ಮೀಟರ್‌ನಲ್ಲಿ ಚೆನ್ನಾಗಿಯೇ ಓಡಬಹುದು. ಹದಿನಾಲ್ಕು ಹದಿನೈದು ಸೆಕೆಂಡುಗಳ ಆ ಓಟಕ್ಕೆ ಬೇಕಾದ ಶಕ್ತಿಯ ಬಹುಪಾಲು ಸ್ನಾಯುಗಳಲ್ಲಿ ಮೊದಲೇ ಸಿದ್ಧವಿರುತ್ತದೆ, ಆಮ್ಲಜನಕದ ಪೂರೈಕೆಗೆ ಅದು ಹೆಚ್ಚು ಕಾಯುವುದಿಲ್ಲ. ಓಟ ಉದ್ದವಾದಂತೆ ಆಮ್ಲಜನಕದ ಮೇಲಿನ ಅವಲಂಬನೆ ಹೆಚ್ಚುತ್ತದೆ. 'ಮೊದಲು ಚೆನ್ನಾಗೇ ಓಡ್ತಾಳೆ, ಆಮೇಲೆ ಬಿಟ್ಟುಬಿಡ್ತಾಳೆ, ಮನಸ್ಸಿಲ್ಲ' ಎಂಬ ತೀರ್ಪು ಹುಟ್ಟುವುದು ಇಲ್ಲಿಂದ.

ಅಷ್ಟಕ್ಕೇ ಮುಗಿಯುವುದಿಲ್ಲ. ಹಿಮೋಗ್ಲೋಬಿನ್ 12ರ ಮೇಲಿದ್ದರೆ ರಕ್ತಹೀನತೆಯಿಲ್ಲ ಎಂಬುದು ಈ ವಯಸ್ಸಿನ ಹೆಣ್ಣುಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಗೆರೆ. ಆದರೆ ಗೆರೆಯ ಮೇಲಿದ್ದೂ ಕಬ್ಬಿಣ ಬರಿದಾಗಿರುವುದು ಸಾಧ್ಯ. ನಮ್ಮ ನೆಲಮಂಗಲದ ಸೀಮೆಯ ಹಿರಿಯರಿಗೆ ರಾಗಿಯ ಹಗೇವು ನೆನಪಿರಬಹುದು. ನೆಲದೊಳಗಿನ ಹಗೇವು ಖಾಲಿಯಾಗುತ್ತ ಬಂದರೂ ಅಡುಗೆಮನೆಯ ಮಡಕೆಯಲ್ಲಿ ಕೆಲವು ದಿನಕ್ಕಾಗುವಷ್ಟು ಹಿಟ್ಟು ಇದ್ದೇ ಇರುತ್ತಿತ್ತು. ಮಡಕೆಯನ್ನು ಮಾತ್ರ ನೋಡಿದವರು ಮನೆ ಸುಭಿಕ್ಷವಾಗಿದೆಯೆಂದೇ ತಿಳಿಯುತ್ತಿದ್ದರು. ಹಿಮೋಗ್ಲೋಬಿನ್ ಆ ಮಡಕೆ. ಫೆರಿಟಿನ್ ಎಂಬ ಪರೀಕ್ಷೆ ತೋರಿಸುವುದು ಹಗೇವನ್ನು. 2000ದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ರಕ್ತಹೀನತೆಯಿಲ್ಲದ, ಆದರೆ ಕಬ್ಬಿಣದ ದಾಸ್ತಾನು ಕರಗಿದ್ದ 42 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ವಾರ ಕಬ್ಬಿಣದ ಮಾತ್ರೆ, ಇನ್ನೊಂದಕ್ಕೆ ಹುಸಿಮಾತ್ರೆ ಕೊಟ್ಟು, ಇಬ್ಬರಿಗೂ ವ್ಯಾಯಾಮದ ತರಬೇತಿ ನೀಡಿದರು. 15 ಕಿಲೋಮೀಟರ್ ದೂರದ ಸೈಕಲ್ ಪರೀಕ್ಷೆಯಲ್ಲಿ ಕಬ್ಬಿಣ ಪಡೆದವರ ಸುಧಾರಣೆ ಹೆಚ್ಚಿತ್ತು. ಅದೇ ಬೆವರು ಸುರಿಸಿದ ಉಳಿದವರಿಗೆ ಅದೇ ಫಲ ಸಿಗಲಿಲ್ಲ.

ಹೆಣ್ಣುಮಕ್ಕಳಿಗೇ ಏಕೆ ಹೀಗೆ ಎಂದು ಕೇಳುವವರಿದ್ದಾರೆ. ತಿಂಗಳ ಮುಟ್ಟಿನಲ್ಲಿ ಹೋಗುವ ರಕ್ತದೊಂದಿಗೆ ಸಾಧಾರಣವಾಗಿ ಹದಿನೈದು ಮಿಲಿಗ್ರಾಂ ಆಸುಪಾಸು ಕಬ್ಬಿಣ ಹೋಗುತ್ತದೆ, ಹೆಚ್ಚು ಸ್ರಾವವಿದ್ದರೆ ಇನ್ನೂ ಹೆಚ್ಚು. ಬೆಳೆಯುವ ವಯಸ್ಸಿನ ಬೇಡಿಕೆ ಬೇರೆ. ಅದರ ಮೇಲೆ ದೂರದ ಓಟ. ಅಂಗಾಲು ನೆಲಕ್ಕೆ ಪದೇ ಪದೇ ಅಪ್ಪಳಿಸುವಾಗ ಕೆಂಪು ರಕ್ತಕಣಗಳು ಒಡೆಯುತ್ತವೆ, ಬೆವರಿನಲ್ಲಿ ಸ್ವಲ್ಪ, ಕರುಳಿನಲ್ಲಿ ಸ್ವಲ್ಪ ನಷ್ಟವಾಗುತ್ತದೆ. ಕಠಿಣ ಓಟದ ನಂತರ ಮೂರರಿಂದ ಆರು ಗಂಟೆಗಳ ಹೊತ್ತಿಗೆ ಹೆಪ್ಸಿಡಿನ್ ಎಂಬ ಹಾರ್ಮೋನು ದೇಹದಲ್ಲಿ ಏರಿ, ಆಹಾರದ ಕಬ್ಬಿಣ ಒಳಗೆ ಹೋಗದಂತೆ ಕರುಳಿನ ಬಾಗಿಲನ್ನು ಮುಚ್ಚುತ್ತದೆ. ನಮ್ಮಲ್ಲಿ ಇವೆಲ್ಲಕ್ಕೂ ಮಿಗಿಲಾಗಿ ಇನ್ನೊಂದಿದೆ: ಕೊಕ್ಕೆಹುಳು. ಬರಿಗಾಲಿನ ಅಂಗಾಲಿನ ಚರ್ಮದ ಮೂಲಕವೇ ಒಳಸೇರಿ ಕರುಳಿನಲ್ಲಿ ಕುಳಿತು ರಕ್ತ ಹೀರುವ ಜೀವಿ. ಬರಿಗಾಲಿನ ಬಡ ಹುಡುಗಿ ಪದಕ ಗೆದ್ದಳೆಂದು ಪತ್ರಿಕೆಗಳು ಚಿತ್ರ ಹಾಕಿ ಹೊಗಳುವಾಗಲೆಲ್ಲ ನನಗೆ ಈ ಹುಳುವೇ ನೆನಪಾಗುತ್ತದೆ. ಹೊಗಳಿಕೆಗೆ ಬದಲು ಒಂದು ಜೊತೆ ಬೂಟು ಕೊಟ್ಟಿದ್ದರೆ!

ಅಂಕಿ ಅಂಶಗಳೂ ಇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59.1 ಮಂದಿಗೆ ರಕ್ತಹೀನತೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು 54.1 ಇತ್ತು. ಕರ್ನಾಟಕದ ಸ್ಥಿತಿ ಅದಕ್ಕಿಂತ ತುಸು ಮೇಲಾದರೂ ಅರ್ಧದ ಆಸುಪಾಸಿನಲ್ಲೇ ಇದೆ. ಬೆರಳು ಚುಚ್ಚಿ ತೆಗೆದ ಹನಿಯ ಲೆಕ್ಕ ಇದು, ನಂಬಲಾಗದು ಎನ್ನುವ ತಜ್ಞರಿದ್ದಾರೆ. ಆಗಲಿ. 2016-18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕಾಂಶ ಸಮೀಕ್ಷೆಯಲ್ಲಿ ರಕ್ತನಾಳದಿಂದಲೇ ರಕ್ತ ತೆಗೆದು ಫೆರಿಟಿನ್ ಅಳೆದರು. ಹರೆಯದ ಹುಡುಗರಲ್ಲಿ ಶೇ. 12ರಷ್ಟು, ಹುಡುಗಿಯರಲ್ಲಿ ಶೇ. 31ರಷ್ಟು ಕಬ್ಬಿಣದ ಕೊರತೆ ಕಂಡುಬಂತು. ಯಾವ ಲೆಕ್ಕವನ್ನು ಹಿಡಿದರೂ ಓಟದ ಗೆರೆಯ ಮೇಲೆ ನಿಂತ ಹತ್ತು ಹುಡುಗಿಯರಲ್ಲಿ ಕನಿಷ್ಠ ಮೂವರು ಬರಿದಾದ ಹಗೇವಿನೊಂದಿಗೇ ನಿಂತಿರುತ್ತಾರೆ. ಸೀಟಿ ಊದುವ ನಮಗೆ ಆ ಮೂವರು ಯಾರೆಂದು ಗೊತ್ತಿರುವುದಿಲ್ಲ.

ನನ್ನ ಸೇವಾವಧಿಯಲ್ಲಿ ಎಷ್ಟೋ ಕ್ರೀಡಾಕೂಟಗಳಿಗೆ ಮಕ್ಕಳನ್ನು ಕರೆದೊಯ್ದಿದ್ದೇನೆ. ವಲಯ, ತಾಲ್ಲೂಕು, ಜಿಲ್ಲೆ, ಎರಡು ಬಾರಿ ವಿಭಾಗ ಮಟ್ಟ. ಎಲ್ಲ ಕಡೆಯೂ ಜನ್ಮದಿನಾಂಕದ ದೃಢೀಕರಣ ಕೇಳಿದರು, ಮುಖ್ಯೋಪಾಧ್ಯಾಯರ ಮೊಹರು ಕೇಳಿದರು, ಭಾವಚಿತ್ರ ಅಂಟಿಸಿದ ಅರ್ಜಿ ಕೇಳಿದರು. ಒಮ್ಮೆ ಮೊಹರು ಅರ್ಧ ಮಾಸಿದ್ದಕ್ಕೆ ಒಬ್ಬ ಹುಡುಗಿಯನ್ನು ಓಡಗೊಡಲಿಲ್ಲ. ರಕ್ತದ ವರದಿ ಎಲ್ಲಿ ಎಂದು ಇಷ್ಟು ವರ್ಷಗಳಲ್ಲಿ ಒಬ್ಬನೇ ಒಬ್ಬ ಅಧಿಕಾರಿ ನನ್ನನ್ನು ಕೇಳಿದ್ದಿಲ್ಲ. ವಯಸ್ಸಿನ ಮೋಸ ಹಿಡಿಯುವುದಕ್ಕೆ ತೋರುವ ಶ್ರದ್ಧೆಯಲ್ಲಿ ನೂರರಲ್ಲೊಂದು ಪಾಲನ್ನು ಮಕ್ಕಳ ರಕ್ತದ ಮೇಲೆ ತೋರಿಸಿದ್ದರೆ ಸಾಕಿತ್ತು.

'ಸರ್ಕಾರ ಮಾತ್ರೆ ಕೊಡುತ್ತಿದೆಯಲ್ಲ?' ಎಂಬ ಪ್ರಶ್ನೆ ಬರುತ್ತದೆ. ಕೊಡುತ್ತಿದೆ. ವಾರಕ್ಕೊಂದು ನೀಲಿ ಮಾತ್ರೆ, 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. ವರ್ಷಕ್ಕೆರಡು ಬಾರಿ ಜಂತುಹುಳುವಿನ ಮಾತ್ರೆ. 2018ರಲ್ಲಿ ಕೇಂದ್ರ ಸರ್ಕಾರ 'ಅನೀಮಿಯಾ ಮುಕ್ತ ಭಾರತ'ವನ್ನು ಆರಂಭಿಸಿದಾಗ ಪರೀಕ್ಷೆ, ಚಿಕಿತ್ಸೆ, ತಿಳಿವಳಿಕೆಯ ಮಾತು ಎಂಬ ಮೂರು ಸೂತ್ರಗಳನ್ನು ಮುಂದಿಟ್ಟಿತು. ಸೂತ್ರ ಒಳ್ಳೆಯದೇ. ನಾನು ಕಂಡ ಶಾಲೆಗಳಲ್ಲಿ ಮೂರರಲ್ಲಿ ಮಾತು ಮಾತ್ರ ಅಡೆತಡೆಯಿಲ್ಲದೆ ನಡೆಯುತ್ತದೆ. ಮಾತ್ರೆ ಹಂಚಿದ್ದಕ್ಕೆ ಪುಸ್ತಕದಲ್ಲಿ ಗುರುತು ಬೀಳುತ್ತದೆ. ನುಂಗಿದ್ದಕ್ಕೆ ಸಾಕ್ಷಿ ಶಾಲೆಯ ಹಿಂದಿನ ಚರಂಡಿಯಲ್ಲಿ ಸಿಗುತ್ತದೆ. ನಾನೇ ಕಣ್ಣಾರೆ ಕಂಡಿದ್ದೇನೆ, ಮಳೆ ಬಂದ ಮರುದಿನ ಚರಂಡಿಯ ತುಂಬ ನೀಲಿ ಬಣ್ಣ. ಮಕ್ಕಳನ್ನು ದೂರಿ ಫಲವಿಲ್ಲ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ. ಹಾಗಾಗುವುದು ಸಹಜ, ಹೆದರಬೇಡಿ, ಊಟವಾದ ಮೇಲೆ ನುಂಗಿ ಎಂದು ಮೊದಲೇ ಹೇಳುವವರಿಲ್ಲದಿದ್ದರೆ ಯಾವ ಮಗು ನುಂಗೀತು? ಮೇಲಾಗಿ ವಾರಕ್ಕೊಂದು ಮಾತ್ರೆ ಮುಂಜಾಗ್ರತೆಗೆ ಮಾತ್ರ. ರಕ್ತಹೀನತೆ ಬಂದವಳಿಗೆ ವೈದ್ಯರ ಸೂಚನೆಯಂತೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕು. ಪರೀಕ್ಷೆಯೇ ಇಲ್ಲದಿದ್ದರೆ ಯಾರಿಗೆ ಮುಂಜಾಗ್ರತೆ, ಯಾರಿಗೆ ಚಿಕಿತ್ಸೆ?

ಇನ್ನು ಅಡುಗೆಮನೆಯ ಪಂಡಿತರು. 'ಬೀಟ್‌ರೂಟ್ ತಿನ್ನಿಸಿ, ಖರ್ಜೂರ ತಿನ್ನಿಸಿ, ಬೆಲ್ಲ ತಿನ್ನಿಸಿ, ರಕ್ತ ತಾನಾಗಿ ಬರುತ್ತದೆ.' ಬೀಟ್‌ರೂಟಿನ ಬಣ್ಣ ರಕ್ತದಂತಿದೆಯೆಂಬುದನ್ನು ಬಿಟ್ಟರೆ ಅದಕ್ಕೂ ರಕ್ತಕ್ಕೂ ವಿಶೇಷ ನಂಟೇನಿಲ್ಲ. ನಮ್ಮ ರಾಗಿಯಲ್ಲಿ, ಸೊಪ್ಪುಗಳಲ್ಲಿ, ಹುರುಳಿಯಲ್ಲಿ ಕಬ್ಬಿಣವಿದೆ, ಇಲ್ಲವೆನ್ನುವುದಿಲ್ಲ. ಆದರೆ ಸಸ್ಯಾಹಾರದ ಕಬ್ಬಿಣದಲ್ಲಿ ದೇಹಕ್ಕೆ ದಕ್ಕುವುದು ಬಹಳ ಅಲ್ಪ ಪಾಲು. ಆ ಕಾರಣಕ್ಕೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ 16ರಿಂದ 18 ವಯಸ್ಸಿನ ಹುಡುಗಿಗೆ ದಿನಕ್ಕೆ 32 ಮಿಲಿಗ್ರಾಂ ಬೇಕೆಂದು ಹೇಳಿತು. ವಯಸ್ಕ ಗಂಡಸಿಗೆ ಹೇಳಿದ್ದು 19. ರಾಗಿಯನ್ನು ಮೊಳಕೆ ಕಟ್ಟಿದರೆ, ಸೊಪ್ಪಿನ ಸಾರಿಗೆ ನಿಂಬೆಹುಳಿ ಹಿಂಡಿದರೆ, ಊಟದ ಜೊತೆ ನೆಲ್ಲಿಕಾಯಿ ತಿಂದರೆ ದಕ್ಕುವ ಪಾಲು ಹೆಚ್ಚುತ್ತದೆ. ಊಟ ತಿಂಡಿಯ ಜೊತೆಗೇ ಚಹಾ ಕುಡಿದರೆ ಅದು ಅರ್ಧಕ್ಕಿಂತ ಹೆಚ್ಚು ಕುಗ್ಗಬಹುದು. ನಮ್ಮ ಕಡೆಯ ಮನೆಗಳಲ್ಲಿ ಬೆಳಗ್ಗೆ ಏನು ನಡೆಯುತ್ತದೆ? ತಾಯಿ ಕಾರ್ಖಾನೆಯ ಬಸ್ಸು ಹಿಡಿಯಲು ಕತ್ತಲಿಗೇ ಎದ್ದು ಚಿತ್ರಾನ್ನ ಕಲಸಿಟ್ಟು ಹೋಗುತ್ತಾಳೆ. ಮಗಳು ಚಹಾ ಮತ್ತು ಬನ್ನಿನಲ್ಲಿ ಮೈದಾನಕ್ಕೆ ಬರುತ್ತಾಳೆ. ಆ ಹೊಟ್ಟೆಯ ಮೇಲೆ ಹದಿನೈದು ಸುತ್ತು.

ಆ ತಾಯಂದಿರ ವಿಷಯವನ್ನೂ ಒಂದು ಮಾತು ಹೇಳಬೇಕು. ಶ್ರೀಲಂಕಾದ ಚಹಾ ತೋಟಗಳ ಹೆಣ್ಣಾಳುಗಳಿಗೆ ಕಬ್ಬಿಣ ಕೊಟ್ಟಾಗ ಅವರು ಕೀಳುವ ಎಲೆಯ ತೂಕವೇ ಹೆಚ್ಚಿತೆಂದು 1979ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಹೊಲಿಗೆ ಯಂತ್ರದ ಮುಂದೆ ತೂಕಡಿಸಿದಳೆಂದು ಸೂಪರ್‌ವೈಸರನಿಂದ ಬೈಸಿಕೊಳ್ಳುವ ತಾಯಿಯೂ, ಓಟದಲ್ಲಿ ನಿಂತಳೆಂದು ಬೈಸಿಕೊಳ್ಳುವ ಮಗಳೂ ಒಂದೇ ಮನೆಯವರು, ಒಂದೇ ಪಾತ್ರೆಯಲ್ಲಿ ಉಂಡವರು. ಇಬ್ಬರಿಗೂ ಸಿಗುವ ಬಿರುದೂ ಒಂದೇ: ಸೋಮಾರಿ.

ಮೊಟ್ಟೆಯ ಗದ್ದಲ ಎಲ್ಲರಿಗೂ ನೆನಪಿರಬೇಕು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಮಠಾಧಿಪತಿಗಳು ಕೆಲವರು ವಿರೋಧಿಸಿದರು, ಬಳಿಕ ಅದು ರಾಜ್ಯದ ಉಳಿದೆಡೆಗೂ ಬಂತು. ಸಸ್ಯಾಹಾರಿ ಮನೆಯಲ್ಲಿ ಹುಟ್ಟಿ ಬೆಳೆದ ನಾನು ಮೊಟ್ಟೆಯ ಪರವಾಗಿದ್ದೇನೆ. ತಿನ್ನುವ ಮನೆಯ ಮಕ್ಕಳ ತಟ್ಟೆಯ ಮೇಲೆ ನನ್ನ ಮಡಿಯನ್ನು ಹೊದಿಸುವ ಅಧಿಕಾರ ನನಗಿಲ್ಲ. ಆದರೆ ಮೊಟ್ಟೆ ಕೊಟ್ಟೆವು, ರಕ್ತದ ಸಮಸ್ಯೆ ತೀರಿತು ಎಂದುಕೊಂಡರೆ ಅದೂ ತಪ್ಪೇ. ಮೊಟ್ಟೆ ಪ್ರೋಟೀನಿಗೆ ಶ್ರೇಷ್ಠ. ಅದರಲ್ಲಿರುವ ಕಬ್ಬಿಣ ಒಂದು ಮಿಲಿಗ್ರಾಮಿನ ಒಳಗೆ, ಅದೂ ಸುಲಭವಾಗಿ ದಕ್ಕುವಂಥದ್ದಲ್ಲ. ಸುಲಭವಾಗಿ ದಕ್ಕುವ ಕಬ್ಬಿಣ ಇರುವುದು ಈಲಿ, ಮಾಂಸಗಳಲ್ಲಿ. ಆ ಮಾತನ್ನು ಶಾಲೆಯಲ್ಲಿ ಗಟ್ಟಿಯಾಗಿ ಹೇಳುವ ಧೈರ್ಯ ಸೇವೆಯಲ್ಲಿದ್ದಾಗ ನನಗಿರಲಿಲ್ಲ. ಪಿಂಚಣಿ ಬರುತ್ತಿರುವುದರಿಂದ ಈಗ ಹೇಳುತ್ತಿದ್ದೇನೆ.

ಹೊಟ್ಟೆಗೂ ಓಟಕ್ಕೂ ಇರುವ ನಂಟಿಗೆ ದೊಡ್ಡ ಸಾಕ್ಷಿ ಬೇಕಾದವರು ಪಿ. ಟಿ. ಉಷಾ ಅವರನ್ನು ನೆನೆಯಲಿ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಅವರಿಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರರಲ್ಲೊಂದು ಭಾಗದಿಂದ. ಅಲ್ಲಿ ಒಗ್ಗುವ ಊಟ ಸಿಗದೆ ಗಂಜಿ ಉಪ್ಪಿನಕಾಯಿಯಲ್ಲಿ ದಿನ ದೂಡಿದ್ದಾಗಿಯೂ, ಕೊನೆಯ 35 ಮೀಟರ್‌ಗಳಲ್ಲಿ ಶಕ್ತಿ ಸಾಲದೆ ಹೋಯಿತೆಂದೂ 2018ರಲ್ಲಿ ಅವರೇ ಹೇಳಿಕೊಂಡರು. ಅದು ಕಬ್ಬಿಣದ ಕಥೆಯಲ್ಲ, ಒಟ್ಟು ಆಹಾರದ ಕಥೆ. ಆದರೆ ಉಷಾ ಅವರಿಗೆ ಛಲವಿರಲಿಲ್ಲವೆಂದು ಹೇಳುವ ನಾಲಿಗೆ ನಮ್ಮಲ್ಲಿ ಯಾರಿಗಿದೆ? ಒಲಿಂಪಿಕ್ಸ್ ಓಟಗಾರ್ತಿಗೆ ತೋರಿಸುವ ಮರ್ಯಾದೆಯನ್ನು ಒಂಬತ್ತನೆಯ ತರಗತಿಯ ಹುಡುಗಿಗೂ ತೋರಿಸಿ ಎಂದಷ್ಟೇ ನಾನು ಕೇಳುತ್ತಿರುವುದು.

ನನ್ನ ಮಾತನ್ನು ತಿರುಚಿ, 'ಹಾಗಾದರೆ ಹೆಣ್ಣುಮಕ್ಕಳಿಗೆ ದೂರದ ಓಟವೇ ಬೇಡ' ಎನ್ನುವವರೂ ಹುಟ್ಟಿಕೊಳ್ಳುತ್ತಾರೆ. ಅವರಿಗೆ ಹಳೆಯ ಪರಂಪರೆಯೇ ಇದೆ. 1928ರ ಆಮ್‌ಸ್ಟರ್‌ಡಾಂ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 800 ಮೀಟರ್ ಓಟದ ಕೊನೆಗೆ ಸ್ಪರ್ಧಿಗಳು ಕುಸಿದುಬಿದ್ದರೆಂದು ಪತ್ರಿಕೆಗಳು ಉತ್ಪ್ರೇಕ್ಷೆಯಿಂದ ಬರೆದವು. ಆ ಓಟ ಒಲಿಂಪಿಕ್ಸ್‌ಗೆ ಮರಳಿದ್ದು 1960ರಲ್ಲಿ. ಮಹಿಳೆಯರ ಮ್ಯಾರಥಾನ್‌ಗೆ 1984ರವರೆಗೆ ಕಾಯಬೇಕಾಯಿತು. ಹೆಣ್ಣು ಓಡಲಾರಳೆಂದು ತಡೆದದ್ದು ಒಂದು ಅನ್ಯಾಯ. ಓಡು ಎಂದು ಇಳಿಸಿ, ಉಸಿರಿಗೆ ಬೇಕಾದ ಸಾಮಗ್ರಿಯನ್ನು ಕೊಡದೆ, ನಿಂತಾಗ ಬೈಯುವುದು ಅದರ ತಂಗಿ. ನನ್ನ ಹಳೆಯ ವಿದ್ಯಾರ್ಥಿನಿ ಬಾಯಿ ಬಿಡದೆ ಓಡಿದ್ದು ಈ ಎರಡರ ನಡುವೆ ಸಿಕ್ಕಿಕೊಂಡೇ. ಹೇಳಿದರೆ ತಂಡದಿಂದ ತೆಗೆಯುತ್ತಾರೆ, ಹೇಳದಿದ್ದರೆ ಛಲವಿಲ್ಲವೆನ್ನುತ್ತಾರೆ. ಮುಟ್ಟಿನ ಸ್ರಾವ ಹೆಚ್ಚೆಂದು ಗಂಡು ಮೇಷ್ಟ್ರಿಗೆ ಹೇಳುವುದಂತೂ ದೂರದ ಮಾತು.

ವಿಜ್ಞಾನಿಗಳ ಕಡೆಯಿಂದ ಬರುವ ಆಕ್ಷೇಪಣೆ ಮಾತ್ರ ಗೌರವಕ್ಕೆ ಅರ್ಹವಾದದ್ದು. ನಮ್ಮ ಬೆಂಗಳೂರಿನದೇ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಅನುರಾ ಕುರ್ಪಾಡ್ ಮೊದಲಾದವರು, ಭಾರತದ ಮಕ್ಕಳಿಗೆ ಹಿಮೋಗ್ಲೋಬಿನ್‌ನ ಈಗಿನ ಗೆರೆ ಅಗತ್ಯಕ್ಕಿಂತ ಮೇಲಿದೆಯೆಂದು 2021ರಲ್ಲಿ ಪ್ರತಿಪಾದಿಸಿದರು. ಕೊರತೆಯಿಲ್ಲದವರಿಗೂ ಕಬ್ಬಿಣ ತುಂಬುತ್ತ ಹೋಗುವುದು ಕ್ಷೇಮವಲ್ಲ ಎಂಬ ಎಚ್ಚರಿಕೆಯೂ ಅವರ ಮಾತಿನಲ್ಲಿದೆ. ಅವರೊಡನೆ ವಾದಿಸುವ ಯೋಗ್ಯತೆ ನನಗಿಲ್ಲ. ವಾದಿಸುವ ಅಗತ್ಯವೂ ಇಲ್ಲ. ಗೆರೆ ಎಲ್ಲಿರಬೇಕೆಂಬ ಸಂದೇಹ ಹುಟ್ಟಿದರೆ ಇನ್ನೂ ಚೆನ್ನಾಗಿ ಅಳೆಯಬೇಕು, ಫೆರಿಟಿನ್ ಸಹಿತ ಅಳೆಯಬೇಕು. ಅಳೆಯುವುದನ್ನೇ ಬಿಡುವುದಕ್ಕೆ ಅದು ನೆಪವಾಗಕೂಡದು. ಹೆಚ್ಚು ಕೊಟ್ಟಷ್ಟೂ ಒಳ್ಳೆಯದೆಂಬುದು ಸುಳ್ಳೆಂದು 2017ರಲ್ಲಿ ಜ್ಯೂರಿಕ್‌ನ ಸಂಶೋಧಕರೂ ತೋರಿಸಿದರು: ಕಬ್ಬಿಣದ ದಾಸ್ತಾನು ತಗ್ಗಿದ್ದ ಯುವತಿಯರಲ್ಲಿ ಪ್ರತಿದಿನ ನುಂಗಿದ ಮಾತ್ರೆಗಿಂತ ದಿನ ಬಿಟ್ಟು ದಿನ ನುಂಗಿದ ಮಾತ್ರೆಯಿಂದಲೇ ಹೆಚ್ಚು ಪಾಲು ಕಬ್ಬಿಣ ದೇಹಕ್ಕೆ ದಕ್ಕಿತು.

ಇನ್ನೊಂದು ಕಡೆ ಪದಕದ ಹಂಬಲದ ತರಬೇತುದಾರರಿದ್ದಾರೆ. ಪರೀಕ್ಷೆಯಿಲ್ಲದೆಯೇ ಕಬ್ಬಿಣದ ಇಂಜೆಕ್ಷನ್ ಚುಚ್ಚಿಸಿದರೆ ಹುಡುಗಿ ಕುದುರೆಯಂತೆ ಓಡುತ್ತಾಳೆಂದು ನಂಬಿದವರನ್ನು ನಾನು ಬಲ್ಲೆ. ಬೇಡದ ಕಬ್ಬಿಣವನ್ನು ಹೊರಹಾಕುವ ವ್ಯವಸ್ಥೆ ನಮ್ಮ ದೇಹದಲ್ಲಿಲ್ಲ. ಅದು ಯಕೃತ್ತಿನಲ್ಲಿ ಕುಳಿತು ಕಾಟ ಕೊಡುತ್ತದೆ. ಹನ್ನೆರಡು ಗಂಟೆಗಳಲ್ಲಿ 100 ಮಿಲಿಲೀಟರ್‌ಗಿಂತ ಹೆಚ್ಚಿನ ಯಾವುದೇ ದ್ರವವನ್ನು ಆಸ್ಪತ್ರೆಯ ಚಿಕಿತ್ಸೆಯ ಹೊರತಾಗಿ ರಕ್ತನಾಳಕ್ಕೆ ಏರಿಸಿಕೊಳ್ಳುವುದು ಉದ್ದೀಪನ ಮದ್ದಿನ ನಿಯಮಗಳಿಗೂ ವಿರುದ್ಧ.

ಬೆಂಗಳೂರು ನಗರದಲ್ಲಿ 2008ರಿಂದ 10 ಕಿಲೋಮೀಟರ್ ಓಟ ನಡೆಯುತ್ತಿದೆ. ಸಾವಿರಾರು ಹೆಂಗಸರು ಓಡುತ್ತಾರೆ, ನೋಡಲು ಹಬ್ಬ. ಅವರಲ್ಲಿ ಒಬ್ಬಾಕೆ, ಸಾಫ್ಟ್‌ವೇರ್ ಕಂಪನಿಯಲ್ಲಿರುವ ನನ್ನ ಅಣ್ಣನ ಮಗಳು, ಸುಸ್ತು ಹೆಚ್ಚಾಯಿತೆಂದು ಖಾಸಗಿ ಲ್ಯಾಬಿನಲ್ಲಿ ಕೆಲವು ನೂರು ರೂಪಾಯಿ ಕೊಟ್ಟು ಫೆರಿಟಿನ್ ಪರೀಕ್ಷಿಸಿಕೊಂಡಳು. ಒಂಬತ್ತು ಬಂತು. ದಾಸ್ತಾನು ಬರಿದೆನ್ನಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಹದಿನೈದು. ಓಟಗಾರ್ತಿಯರಿಗೆ ಮೂವತ್ತಕ್ಕಿಂತ ಮೇಲಿರಲಿ ಎನ್ನುವ ಕ್ರೀಡಾವೈದ್ಯರಿದ್ದಾರೆ. ವೈದ್ಯರು ಮಾತ್ರೆ ಬರೆದರು, ಓಟದ ಹಿಂದೆಯೇ ಬೆಳಗ್ಗೆ ನುಂಗಲು ಹೇಳಿದರು, ಚಹಾವನ್ನು ದೂರವಿಡಿಸಿದರು. ಮೂರು ತಿಂಗಳಲ್ಲಿ ಚೇತರಿಸಿಕೊಂಡಳು. ಅವಳಿಗೆ ಯಾರೂ ಛಲವಿಲ್ಲವೆನ್ನಲಿಲ್ಲ. ಅವಳ ಓಟ ನಡೆಯುವಲ್ಲಿಂದ ನಮ್ಮ ಊರಿಗೆ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಇಲ್ಲಿಯ ಹುಡುಗಿಗೆ ಗ್ಲೂಕೋಸ್ ಪುಡಿ ಮತ್ತು ಬೈಗುಳ.

ಮೈದಾನದಲ್ಲಿ ಆ ದಿನ ನಾನು ಸುಮ್ಮನಿರಲಾಗದೆ ದೈಹಿಕ ಶಿಕ್ಷಕರ ಬಳಿ ಹೋದೆ. "ಮೇಷ್ಟ್ರೇ, ಆ ಹುಡುಗೀನ ಒಂದ್ಸಲ ರಕ್ತ ಪರೀಕ್ಷೆ ಮಾಡಿಸಿ ನೋಡಬಾರದೆ?" ಎಂದೆ. ಅವರು ಮುಖ ಗಂಟಿಕ್ಕಲಿಲ್ಲ. "ಸಾರ್, ನಂಗೂ ಅನ್ನಿಸುತ್ತೆ. ಯಾರಿಗೆ ಹೇಳ್ಲಿ? ಬರೆದು ಕೊಡಿ ನೀವು, ಮೀಟಿಂಗ್‌ನಲ್ಲಿ ಇಡ್ತೀನಿ" ಎಂದರು. ಹುಡುಗಿಯ ಕಣ್ಣಿನ ಕೆಳರೆಪ್ಪೆಯನ್ನು ಸರಿಸಿ ನೋಡುವ ಸಲಿಗೆ ನನಗಿರಲಿಲ್ಲ. ಅಂಗೈ ನೋಡಿದೆ. ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ಬಳಪ ತಿನ್ನುತ್ತೀಯಾ ಎಂದು ಕೇಳಿದೆ. ತಲೆ ತಗ್ಗಿಸಿ, "ಅಕ್ಕಿ, ಸಾರ್" ಎಂದಳು.

ಶಾಲಾಭಿವೃದ್ಧಿ ಸಮಿತಿಗೆ ಒಂದು ಅರ್ಜಿ ಬರೆದುಕೊಟ್ಟಿದ್ದೇನೆ. 800 ಮೀಟರ್‌ಗಿಂತ ದೂರದ ಓಟಗಳಿಗೆ ಹೆಸರು ಕೊಟ್ಟ ಪ್ರತಿ ಹುಡುಗಿಗೂ ಅಭ್ಯಾಸ ಆರಂಭವಾಗುವುದಕ್ಕೆ ಮೊದಲು, ಮತ್ತೆ ಮೂರು ತಿಂಗಳಿಗೊಮ್ಮೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ, ಕಡಿಮೆಯಿದ್ದರೆ ತಂಡದಿಂದ ತೆಗೆಯದೆ ಅಭ್ಯಾಸವನ್ನು ತಗ್ಗಿಸಿ ಚಿಕಿತ್ಸೆ, ಮಾತ್ರೆಯನ್ನು ಊಟದ ನಂತರ ಶಿಕ್ಷಕಿಯೊಬ್ಬರ ಎದುರಿನಲ್ಲೇ ನುಂಗಿಸುವುದು, ಜಿಲ್ಲಾ ಮಟ್ಟಕ್ಕೆ ಹೋಗುವವರಿಗೆ ದಾನಿಗಳಿಂದ ಹಣ ಕೂಡಿಸಿ ಫೆರಿಟಿನ್ ಪರೀಕ್ಷೆ, ಬರಿಗಾಲಿನವರಿಗೆ ಬೂಟು. ಮುಟ್ಟಿನ ವಿಷಯ ಕೇಳಲು ಒಬ್ಬ ಶಿಕ್ಷಕಿಯನ್ನು ಗೊತ್ತುಮಾಡುವುದು. ಫೆರಿಟಿನ್ ಪರೀಕ್ಷೆಯ ಮೊದಲ ಐದು ಮಕ್ಕಳ ಖರ್ಚು ನನ್ನದೆಂದು ಕೊನೆಯಲ್ಲಿ ಸೇರಿಸಿದ್ದೇನೆ. ಸಭೆ ಮುಂದಿನ ಶನಿವಾರ. ತಮ್ಮ ಊರಿನ ಶಾಲೆಗೂ ಇಂಥದೊಂದು ಅರ್ಜಿ ಕೊಡಬಯಸುವವರು ತಿಳಿಸಿದರೆ ಪ್ರತಿಯನ್ನು ಕಳುಹಿಸಿಕೊಡುತ್ತೇನೆ. ಶಾಲೆಯ ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ.